ಊದದ ಕಾಲುಗಳು

"ಮೂವತ್ತೊಂಬತ್ತು... ಊದಿಲ್ಲ," ಎಂದು ನಾದಿನಿ ಇಲಿಯ ಹಿಂಗಾಲಿನಿಂದ ಕ್ಯಾಲಿಪರ್ ತೆಗೆದಳು. ಅತ್ತಿಗೆ ಬರೆದುಕೊಂಡಳು. ನಲವತ್ತನೆಯದರ ಪಾದ ಕೆಂಪಗೆ ಗುಂಡಗೆ ಊದಿಕೊಂಡಿತ್ತು. ಅಲ್ಲಿಗೆ ಅಳತೆ ಮುಗಿಯಿತು. ಹತ್ತೊಂಬತ್ತು ಊದಿದ್ದವು, ಇಪ್ಪತ್ತೊಂದು ಊದಿರಲಿಲ್ಲ. ಯಾವುದು ಯಾವ ಗುಂಪಿನದು ಎಂದು ಇಬ್ಬರಿಗೂ ಗೊತ್ತಿಲ್ಲ. ಆ ಪಟ್ಟಿ ಬರೆದು, ಲಕೋಟೆಯಲ್ಲಿಟ್ಟು, ಅಂಟಿಸಿ, ಆರು ವಾರದಿಂದ ಬಾಯಿಗೂ ಅಂಟು ಹಾಕಿಕೊಂಡು ಓಡಾಡುತ್ತಿದ್ದವನು ಇಲಿಗಳನ್ನು ಸಾಕುವ ಇಲಿಯಣ್ಣ.

ಅತ್ತಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಬರುವ ಇಲಿವಂಶದ ಹಿಂದೆ ಬಿದ್ದವಳು. ನಾದಿನಿ ಪಕ್ಕದ ಕೋಣೆಯಲ್ಲಿ ಕೀಲು ಊದುವ ಇಲಿಗಳವಳು. ಎರಡೂ, ದೇಹದ ಕಾವಲುಪಡೆ ಶತ್ರುವನ್ನು ಬಿಟ್ಟು ಮನೆಯವರನ್ನೇ ಹಿಡಿದು ಬಡಿಯುವ ರೋಗಗಳು. ಅತ್ತಿಗೆ ತನ್ನ ಇಲಿಗಳ ಒಂದು ವರ್ಣತಂತುವಿನ ಚಿಕ್ಕ ತುಂಡಿನ ಜಾಗದಲ್ಲಿ, ತಲೆಮಾರುಗಟ್ಟಲೆ ತಳಿ ಕೂಡಿಸಿ, ಆರೋಗ್ಯವಂತ ಇಲಿಗಳ ತುಂಡು ತಂದಿದ್ದಳು. ತುಂಡು ಬದಲಾದವಕ್ಕೆ ಸಕ್ಕರೆ ಕಾಯಿಲೆ ಅಷ್ಟಾಗಿ ಬರುತ್ತಿರಲಿಲ್ಲ. ಅಂಥವು ಇಪ್ಪತ್ತು, ಬದಲಾಗದವು ಇಪ್ಪತ್ತು ತೆಗೆದುಕೊಂಡು, ಎಲ್ಲಕ್ಕೂ ನಾದಿನಿ ಕೀಲು ಊದಿಸುವ ಚುಚ್ಚುಮದ್ದು ಕೊಟ್ಟಿದ್ದಳು. ಅದೇ ತುಂಡು ಇದನ್ನೂ ತಡೆದೀತೇ?

"ಅಡುಗೆಮನೆಯಲ್ಲಿ ಹುಟ್ಟಿದ ಪ್ರಯೋಗ," ಎಂದು ಪ್ರಯೋಗಾಲಯದ ಮುಖ್ಯಸ್ಥರು ನಕ್ಕಿದ್ದರು. ಈ ಸಲ ಏನೂ ಸಿಗದಿದ್ದರೆ ಸೋಮವಾರ ಕೋಣೆ ಬೇರೆಯವರಿಗೆ. ಅಡುಗೆಮನೆಯಲ್ಲೇ ಹುಟ್ಟಿದ್ದು ಎಂಬುದು ನಿಜವೆಂದು ಇಬ್ಬರೂ ಅವರಿಗೆ ಹೇಳಿರಲಿಲ್ಲ. ಅತ್ತಿಗೆಯ ಒಂಬತ್ತು ವರ್ಷದ ಮಗಳಿಗೆ ನಾಲ್ಕನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ. ಪಕ್ಕದಲ್ಲಿ ಕೂತು ಅವಳನ್ನು ನಗಿಸುವ ಅಜ್ಜಿಗೆ, ಎಂದರೆ ನಾದಿನಿಯ ತಾಯಿಗೆ, ಬೆರಳಿನ ಕೀಲುಗಳು ಊದಿ ಗುಂಡಿ ಹಾಕಿಕೊಳ್ಳಲೂ ಆಗದು.

"ಲಕೋಟೆ ಒಡೀರಿ ಇಲಿಯಣ್ಣ," ಎಂದಳು ಅತ್ತಿಗೆ.

"ನಾನಾ? ನೀವೇ ಒಡೀರಿ ಮೇಡಂ."

"ಬರೆದೋರು ನೀವು, ಓದೋರೂ ನೀವೇ."

ಇಲಿಯಣ್ಣ ಲಕೋಟೆ ಹರಿದು ತುಂಡು ಬದಲಾದ ಇಲಿಗಳ ಸಂಖ್ಯೆಗಳನ್ನು ಒಂದೊಂದಾಗಿ ಕೂಗತೊಡಗಿದ. "ಎರಡು?" "ಊದಿಲ್ಲ." "ಐದು?" "ಊದಿಲ್ಲ." "ಆರು?" "ಊದಿಲ್ಲ." "ಹನ್ನೊಂದು?" ಅತ್ತಿಗೆ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿದಳು. "ಊದಿದೆ." ನಾದಿನಿ ಗಟ್ಟಿಯಾಗಿ ಕಣ್ಣು ಮುಚ್ಚಿದಳು. "ಹನ್ನೆರಡು?" "ಊದಿಲ್ಲ." "ಹದಿನೈದು?" "ಊದಿಲ್ಲ!" ಆಮೇಲೆ ಊದಿಲ್ಲ, ಊದಿಲ್ಲ, ಊದಿಲ್ಲ. ಕೊನೆಗೆ ನೋಡಿದರೆ ತುಂಡು ಬದಲಾದ ಇಪ್ಪತ್ತರಲ್ಲಿ ಊದಿದ್ದು ಎರಡೇ ಎರಡು. ಬದಲಾಗದ ಇಪ್ಪತ್ತರಲ್ಲಿ ಊದದೆ ಉಳಿದದ್ದು ಮೂರೇ ಮೂರು.

ಇಲಿಗಳ ಕೋಣೆಯಲ್ಲಿ ದನಿ ಎತ್ತುವಂತಿಲ್ಲ, ಅವು ಬೆದರುತ್ತವೆ. ಹಾಗಾಗಿ ಮೂವರೂ ಮುಖಗವಸು, ನೀಲಿ ಗೌನು, ಟೋಪಿಯೊಳಗೆ ಉಸಿರು ಬಿಗಿಹಿಡಿದು ಸದ್ದಿಲ್ಲದೆ ಕುಣಿದರು. ಅತ್ತಿಗೆ ತುದಿಗಾಲಲ್ಲಿ ಗಿರಗಿರನೆ ಸುತ್ತಿದಳು. ನಾದಿನಿ ಸ್ಟೂಲನ್ನೇ ತಬ್ಬಿಕೊಂಡಳು. ಇಲಿಯಣ್ಣನಂತೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಪ್ಪೆಯಂತೆ ಕುಪ್ಪಳಿಸಿದ. ಎರಡು ಬಾಗಿಲು ದಾಟಿ ಕಾರಿಡಾರಿಗೆ ಬಂದದ್ದೇ ತಡ, ಒಳಗೆ ಕಟ್ಟಿಟ್ಟದ್ದೆಲ್ಲ ಒಟ್ಟಿಗೇ ಹೊರಬಿತ್ತು. ಮುಖ್ಯಸ್ಥರು ಓಡಿ ಬಂದರು.

"ಏನ್ರೀ, ಬೆಂಕಿ ಬಿತ್ತಾ?"

"ಇಲ್ಲ ಸಾರ್," ಎಂದ ಇಲಿಯಣ್ಣ ಏದುಸಿರು ಬಿಡುತ್ತಾ, "ಕೋಣೆ ಬೇರೆಯವರಿಗೆ ಸಿಗಲ್ಲ ಸಾರ್!"

ಮುಖ್ಯಸ್ಥರು ಪುಸ್ತಕ ಕಿತ್ತುಕೊಂಡು ನಿಂತಲ್ಲೇ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೇ ಸಲವೂ ಓದಿದರು. "ಇನ್ನೊಮ್ಮೆ ಮಾಡಿ ತೋರಿಸಿ," ಎಂದರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. "ಎಂಬತ್ತು ಇಲಿ ತಗೊಳ್ಳಿ."

ಅಷ್ಟರಲ್ಲಿ ನಾದಿನಿ ಮನೆಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದ್ದಳು. "ಅಮ್ಮಾ! ನಿನ್ನ ಕೀಲು, ಪುಟ್ಟಿಯ ಸಕ್ಕರೆ, ಎರಡಕ್ಕೂ ದಾರಿ ಬಿಡೋದು ವಂಶದಿಂದ ಬರೋ ಒಂದೇ ತುಂಡು ಇರಬಹುದಮ್ಮಾ!"

"ಇಲಿಗಳಲ್ಲಿ ಅತ್ತೆ, ಇಲಿಗಳಲ್ಲಿ!" ಎಂದು ಅತ್ತಿಗೆ ನಗುತ್ತಲೇ ನಡುವೆ ಬಾಯಿ ಹಾಕಿದಳು. "ಮನುಷ್ಯರಲ್ಲಿ ಇನ್ನೂ ನೋಡಬೇಕು."

"ಅಂದ್ರೆ," ಎಂದಿತು ಆ ಕಡೆಯಿಂದ ಅಜ್ಜಿಯ ದನಿ, "ಮಗೂಗೆ ಅದು ನನ್ನಿಂದ ಹೋಯ್ತಾ?"

ಇಬ್ಬರ ನಗುವೂ ಅಲ್ಲೇ ನಿಂತಿತು. ಅತ್ತಿಗೆ ಫೋನನ್ನು ಹತ್ತಿರ ಎಳೆದುಕೊಂಡಳು. "ಹೋಗಿರಬಹುದು, ಹೋಗದೇನೂ ಇರಬಹುದು ಅತ್ತೆ. ನನ್ನ ಕಡೆಯಿಂದಲೂ ಬಂದಿರಬಹುದು. ಅದೊಂದರಿಂದಲೇ ಕಾಯಿಲೆ ಬರಲ್ಲ. ನೀವು ಮನಸ್ಸಿಗೆ ಹಚ್ಚಿಕೋಬೇಡಿ."

ಆ ಕಡೆಯಿಂದ ಕಿಸಕ್ಕನೆ ನಗು ಕೇಳಿಸಿತು.

"ಮೂಗು ತಾತಂದು, ಕಣ್ಣು ನಿಂದು, ಹಟ ಅವಳ ಅತ್ತೇದು ಅಂತ ಮಗೂನ ಒಂಬತ್ತು ವರ್ಷದಿಂದ ನೀವು ನೀವೇ ಹಂಚ್ಕೊಂಡ್ರಿ. ಅಂತೂ ನಂದೂ ಒಂದು ಸಿಕ್ತು ಅನ್ನಿ. ಈಗ ಬೇಗ ಬೇಗ, ಅದನ್ನ ನಾನು ವಾಪಸ್ ತಗೊಳ್ಳೋದು ಹೇಗೆ ಅಂತ ಕಂಡುಹಿಡೀರಿ."