ತಂಬಿಗೆಯ ನೀರು

ಅಂಬುಬಾಯಿಯ ಪಾಟಿಯ ಮೇಲೆ ಬಳಪದಿಂದ ಅಡ್ಡಗೆರೆ ಎಳೆದು ಗುರುಲಿಂಗಯ್ಯ ಮಾಸ್ತರರು ಗದರಿದರು: “ಹಿಂದು ಮುಂದು ಓದಿ ಕ್ರಿಯಾಪದ ಆರಿಸು ಅಂತ ಎಷ್ಟ್ ಸಲ ಹೇಳ್ಬೇಕು?” ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದ ಮೇಲೆ ಇದೇ ಮೊದಲ ಪರೀಕ್ಷೆ. ‘ಬಾಯಾರಿದ ಕೂಲಿಯವನು ಅಯ್ಯನವರ ಮನೆಗೆ ಬಂದನು. ಅಮ್ಮ ಅವನಿಗೆ ತಂಬಿಗೆಯ ನೀರು ____.’ ಮಾಸ್ತರರು ತಾವೇ ಕಟ್ಟಿದ ವಾಕ್ಯ. ಕೊಟ್ಟಿದ್ದ ಎರಡು ಪದಗಳಲ್ಲಿ ‘ಕೊಟ್ಟಳು’ ಬಿಟ್ಟು ಹುಡುಗಿ ‘ಸುರಿದಳು’ ಆರಿಸಿದ್ದಳು.

“ಓದೇ ಬರ್ದೀನ್ರಿ,” ಅಂದಳು ಹೊಳೆದಂಡೆಯ ಓಣಿಯ ಅಂಬುಬಾಯಿ. “ಕೂಲಿಯವ ಅಂತ ಅದ, ಅಯ್ಯನೋರ ಮನಿ ಅಂತ ಅದ. ನಾನು, ನಮ್ಮವ್ವ ನಿಮ್ಮ ಹೊಲದ ಕೆಲ್ಸಾ ಮುಗಿಸಿ ನಿಮ್ಮ ಮನಿಗಿ ಬಂದಾಗ ಅವ್ವಾರು ಮ್ಯಾಲಿಂದ ಸುರೀತಾರಲ್ರಿ. ತಂಬಿಗಿ ಕೈಯಾಗ ಕೊಡಂಗಿಲ್ರಿ.”

ಇಡೀ ತರಗತಿ ಮಾಸ್ತರರನ್ನೇ ನೋಡುತ್ತಿತ್ತು. ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋದ ಅವರ ಕೈ ಮುಟ್ಟಲಾರದೆ ಹಿಂದೆ ಬಂತು. ಮಾಸ್ತರರು ಅಡ್ಡಗೆರೆಯನ್ನು ಅಂಗೈಯಿಂದಲೇ ಒರೆಸಿ ‘ಸರಿ’ ಹಾಕಿದರು. ಮುಖ ಎತ್ತದೆ, ಮೇಜಿನ ಮೇಲಿದ್ದ ತಮ್ಮ ತಂಬಿಗೆಯನ್ನು ಅವಳ ಮುಂದೆ ಚಾಚಿದರು. “ತಗೋವಾ, ಕುಡಿ.”

ಅಂಬುಬಾಯಿ ತಂಬಿಗೆ ಹಿಡಿಯಲಿಲ್ಲ. ಬಗ್ಗಿ, ಬೊಗಸೆಯನ್ನು ಬಾಯಿಗೆ ಹಚ್ಚಿಕೊಂಡು ಕಾದಳು. ಯಾರೂ ಹೇಳದೆಯೇ ಮಾಸ್ತರರ ಕೈ ಮೇಲಕ್ಕೆದ್ದು ನೀರು ಸುರಿಯತೊಡಗಿತು.