ಆಸ್ಟ್ರೇಲಿಯಾದ ಉಡುಪು

“ಆಸ್ಟ್ರೇಲಿಯಾದ ಡ್ರೆಸ್ ಅಂದ್ರೆ ಎಂತದು ಮಗಳೇ?” ಸೌದಿಯ ಥುಕ್ಬಾ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಕರಾವಳಿಯ ದರ್ಜಿ ಉಮ್ಮರಬ್ಬ ಕೇಳಿದಾಗ ಹದಿನೈದರ ನಿವೇದಿತಾ ಅಂಗಡಿಯ ಬಟ್ಟೆಗಳತ್ತ ಕಣ್ಣಾಡಿಸಿದಳು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿ ಹತ್ತು ವರ್ಷ ಅಲ್ಲೇ ಬೆಳೆದವಳು. ಪಾಸ್‌ಪೋರ್ಟೂ ಆ ದೇಶದ್ದೇ. ೧೯೯೬ರ ಶಾಲಾ ಮೆರವಣಿಗೆಯಲ್ಲಿ ಮಕ್ಕಳೆಲ್ಲ ತಂತಮ್ಮ ದೇಶದ ಉಡುಪು ತೊಡಬೇಕಿತ್ತು, ಟೀಚರ್ ಅವಳನ್ನು ಆಸ್ಟ್ರೇಲಿಯಾದ ಸಾಲಿಗೆ ಹಾಕಿದ್ದರು. ಜೊತೆಗೆ ಬಂದಿದ್ದ ಅಮ್ಮ ಮಾತ್ರ, “ಸುಮ್ನೆ ಒಂದು ಲಂಗ ದಾವಣಿ ಹೊಲಿದುಬಿಡಿ. ನಾವು ಮೈಸೂರಿನವರಲ್ವಾ?” ಎಂದಳು.

ನಿವೇದಿತಾ ಆಸೆಯಿಂದ ಪಕ್ಕದಲ್ಲಿದ್ದ ಹ್ಯಾನಾಳ ಕಡೆ ತಿರುಗಿದಳು. ಹೊಂಬಣ್ಣದ ಕೂದಲಿನ ಆ ಗೆಳತಿಯೂ ಅದೇ ಸಾಲಿನವಳು. “ನೀನೇ ಹೇಳು. ನಿಜವಾದ ಆಸ್ಟ್ರೇಲಿಯಾದವಳು ನೀನು,” ಎಂದಳು ಇಂಗ್ಲಿಷಿನಲ್ಲಿ.

ಹ್ಯಾನಾಳ ಮುಖ ಕೆಂಪಾಯಿತು. “ನಾನು ಹುಟ್ಟಿದ್ದು ಇಲ್ಲೇ, ಸೌದಿಯಲ್ಲಿ. ಅಲ್ಲಿಗೆ ಹೋಗೋದು ರಜೆಯಲ್ಲಿ ಮಾತ್ರ. ನಿನಗೆ ಗೊತ್ತಿರುತ್ತೆ ಅಂತಲೇ ನಿನ್ನ ಜೊತೆ ಬಂದೆ.”

ನಿವೇದಿತಾಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂದಂತಾಯಿತು. ಇಷ್ಟು ದಿನ ತಾನು ಅರ್ಧ, ಇವಳು ಪೂರ್ತಿ ಎಂದುಕೊಂಡಿದ್ದಳು. “ನಮಾಜಿಗೆ ಅಂಗಡಿ ಮುಚ್ಚಬೇಕು, ಬೇಗ ಹೇಳು ಮಗಳೇ,” ಎಂದು ಉಮ್ಮರಬ್ಬ ಅವಸರಿಸಿದ. ಅವಳು ಒಂದು ಚೀಟಿ ಇಸಿದುಕೊಂಡು, ನೆನಪಿದ್ದ ಒಂದೇ ಒಂದು ಬಟ್ಟೆಯ ಚಿತ್ರ ಬರೆದಳು: ಪರ್ತ್‌ನ ಶಾಲೆಗೆ ತೊಡುತ್ತಿದ್ದ ನೀಲಿ ಚೌಕಳಿಯ ಫ್ರಾಕು. ಅದು ದೇಶದ ಉಡುಪು ಹೌದೋ ಅಲ್ಲವೋ, ಅವಳಿಗೆ ತಿಳಿಯಲಿಲ್ಲ.

ಹ್ಯಾನಾ ಬಗ್ಗಿ ಚಿತ್ರವನ್ನೇ ನೋಡಿದಳು. “ನನಗೂ ಅಂಥದ್ದೇ ಒಂದು,” ಎಂದಳು.