ಔಷಧಿ ಕೋಲಿನ ಬ್ರೇಕು

ಅಡಿಕೆ ಮರ ಹತ್ತಿ ಔಷಧಿ ಹೊಡೆಯುವಾಗ ಬಿದ್ದು ಧರ್ಮೇಶನ ಬಲಗಾಲು ಸತ್ತುಹೋಯಿತು. ತೋಟದ ಸಾಹುಕಾರ ಪ್ರಸನ್ನಕುಮಾರ್ ಪರಿಹಾರ ಕೊಡಬೇಕಾದೀತೆಂದು ಆಸ್ಪತ್ರೆಯಲ್ಲಿ, ಅವನು ತನ್ನ ಮನೆಯ ಹಲಸಿನ ಮರದಿಂದ ಬಿದ್ದನೆಂದು ಬರೆಸಿದರು.

ಈಗ ಅದೇ ಸಾಹುಕಾರರು ಎನ್.ಆರ್. ಪುರದ ವರ್ಗೀಸನ ಗ್ಯಾರೇಜಿನಲ್ಲಿ, ಧರ್ಮೇಶ್ ಕೂತಿದ್ದ ಹಳೇ ಮಾರುತಿಯೊಳಗೆ ತಲೆ ತೂರಿಸಿ ನಿಂತಿದ್ದರು. ತರಕಾರಿ ಮಾರಲೆಂದು ಹಿಂದಿನ ಸೀಟು ಕಿತ್ತು ಕ್ರೇಟಿಗೆ ಜಾಗ ಮಾಡಿಯಾಗಿತ್ತು. ಔಷಧಿ ಹೊಡೆಯುವ ಅಲ್ಯುಮಿನಿಯಂ ಕೋಲನ್ನು ಎರಡು ತುಂಡು ಮಾಡಿ, ವರ್ಗೀಸ್ ಒಂದನ್ನು ಬ್ರೇಕಿಗೆ, ಇನ್ನೊಂದನ್ನು ಆಕ್ಸಿಲರೇಟರಿಗೆ ಬಿಗಿದಿದ್ದ. ಕಾಲಿನ ಕೆಲಸವನ್ನು ಇನ್ನು ಕೈಯೇ ಮಾಡಬೇಕು. ಇದೂ ತಪ್ಪಿದರೆ ಧರ್ಮೇಶನಿಗೆ ಉಳಿಯುವುದು ಜಗಲಿಯ ಮೂಲೆ, ಹೆಂಡತಿ ಕೂಲಿ ಮಾಡಿ ತಂದ ಅನ್ನ.

“ಇದು ನಮ್ಮ ತೋಟದ ಕೋಲಲ್ವನಾ ಮಾರಾಯ? ಬಿಚ್ಚಿ ಕೊಡು.”

“ಮುರಿದ ಕೋಲು ಸಾವ್ಕಾರ್ರೇ. ಇದಿಲ್ದಿದ್ರೆ ಗಾಡಿ ನಿಲ್ಲಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ...”

“ಬೀಳೋದೇ ನಿನ್ನ ಕಸುಬಾಯ್ತಲ್ಲ!” ಸಾಹುಕಾರರು ನಕ್ಕರು. “ಅವತ್ತು ನಮ್ಮ ಮರದಿಂದ ಬೀಳುವಾಗ ನಿನ್ನ ಕೈಯಲ್ಲೇ ಇತ್ತಲ್ಲ ಇದು? ನಮ್ಮದಲ್ಲ ಅಂತ ಮಾತ್ರ ಹೇಳ್ಬೇಡ.”

ವರ್ಗೀಸನ ಸ್ಪ್ಯಾನರ್ ಅರ್ಧಕ್ಕೇ ನಿಂತಿತು. ಟೈರಿಗೆ ಗಾಳಿ ಹಾಕಿಸಲು ಬಂದಿದ್ದ ಇಬ್ಬರೂ ತಿರುಗಿ ನೋಡಿದರು. ಆಡಿದ ಮಾತು ಸಾಹುಕಾರರಿಗೆ ಆಮೇಲೆ ತಟ್ಟಿತು.

“ಏನ್ ನೋಡ್ತೀಯೋ, ಬಿಚ್ಚೋ!” ಎಂದು ವರ್ಗೀಸನಿಗೆ ಗದರಿದರು.

ಧರ್ಮೇಶ್ ಬ್ರೇಕಿನ ಕೋಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ.

“ಬಿಚ್ಚಲ್ಲ. ಎಲ್ಲಿಂದ ಬಿದ್ದೆ ಅಂತ ನೀವೇ ಹೇಳಿದ್ರಿ, ಇವರೂ ಕೇಳಿದ್ರು. ಕೋಲು ಬೇಕಾದ್ರೆ ಠಾಣೆಗೆ ಬನ್ನಿ, ಅಲ್ಲೇ ಕೇಳಿ.”